ಗುಳಿಗೆ ಮೊದಲು, ಊಟ ತಡವಾಗಿ: ವಿಯೆಟ್ನಾಂ ಹೋಟೆಲಿನಲ್ಲಿ ಆ ಮಧ್ಯಾಹ್ನ ಆದದ್ದೇನು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಲಬುರಗಿ ಬ್ರಹ್ಮಪುರದಾಕಿ, ಶಾಲಿ ಅಕ್ಕೋರಾಗಿ ರಿಟೈರ್ ಆಗೀನಿ. ನಮ್ಮ ಮನೆಯವರಿಗೆ 64 ವರ್ಷ, ಎಂಟು ವರ್ಷದಿಂದ ಸಕ್ಕರೆ ಬ್ಯಾನಿ, ಬಿಪಿನೂ ಅದ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಕೂಡಿದ ಗುಳಿಗಿ ಮಧ್ಯಾಹ್ನ ಊಟಕ್ಕ ಮುಂಚೆ ತೊಗೋತಾರ, ಬಿಪಿಗೆ ಮುಂಜಾನೆ ಆಮ್ಲೊಡಿಪಿನ್. ಹೋದ ತಿಂಗಳು ಹೈದರಾಬಾದಿಗೆ ಮಗನ ಮನಿಗೆ ಹೋದಾಗ ಐತವಾರ ಮಧ್ಯಾಹ್ನ ಒಂದು ವಿಯೆಟ್ನಾಂ ಹೋಟೆಲಿಗೆ ಕರಕೊಂಡು ಹೋದ. ಭಾಳ ಹೆಸರಾದದ್ದಂತ, ಹೊರಗೆಲ್ಲಾ ಮಂದಿ ಕಾಯ್ತಿದ್ರು. ಇವರು ಹನ್ನೆರಡೂವರೆಗೆ ಮನಿಯಾಗೇ ಗುಳಿಗಿ ತೊಗೊಂಡು ಹೊಂಟಿದ್ರು. ಟೇಬಲ್ ಸಿಕ್ಕು ಊಟ ಬರೋದ್ರಾಗ ಎರಡೂಕಾಲು. ಅಷ್ಟರಾಗ ಮೈಯೆಲ್ಲಾ ಬೆವತು ಕೈ ನಡುಗಲಿಕ್ಕೆ ಹತ್ತಿದ್ವು. ಸಿಹಿ ಲಿಂಬು ಸೋಡಾ ಕುಡಿಸಿದ್ವಿ, ಸುಧಾರಿಸಿದ್ರು. ಆಮ್ಯಾಲೆ ವೆಜ್ ಫೋ ಅಂತ ದೊಡ್ಡ ಬಟ್ಟಲದಾಗ ಸೂಪು-ನೂಡಲ್ಸ್, ಅಕ್ಕಿ ಹಾಳಿಯೊಳಗ ಸೊಪ್ಪು ಸುತ್ತಿದ ಮೂರು ರೋಲ್, ಕಡೀಕ ಹಾಲಿನ ಐಸ್ ಕಾಫಿ. ನಾಲ್ಕೂಕಾಲಿಗೆ ಅಲ್ಲೇ ಕಾರಿನಾಗ ಮೀಟರ್ ಹಿಡಿದ್ರ 268. ಸಂಜಿಗೆ ತಲಿನೋವು, ನೀರಡಿಕಿ, ಪಾದ ಬಾತಿದ್ವು. ‘ಅಜಿನೊಮೊಟೊ ಹಾಕಿರ್ತಾರ, ಅದರದೇ ಕೆಲಸ’ ಅಂತ ಎಲ್ಲಾರೂ ಅಂತಾರ. ಇನ್ನೊಂದು ಮಾತು. ಅಡಿಗಿಮನಿ ಹೊರಗೇ ಕಾಣ್ತಿತ್ತು, ಅಲ್ಲಿ ಮೀನಿನ ಸಾಸಿನ ಬಾಟ್ಲಿ ನೋಡಿದೆ. ನಾವು ಲಿಂಗ ಕಟ್ಟಿಕೊಂಡವರು. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೋ ತಿಂಗಳು ಬೀಗರನ್ನ ಕರಕೊಂಡು ಮತ್ತ ಅಲ್ಲೇ ಊಟ ಅಂತ ಮಗ ಹೇಳ್ಯಾನ. ಸೊಸಿಗೆ ಐದು ತಿಂಗಳು, ಆಕಿಗೆ ಅಲ್ಲೀದು ಇಷ್ಟ. ಹೋಗೋಣೋ, ಬ್ಯಾಡೋ?

ಉತ್ತರ: ಅಕ್ಕೋರೆ, ನಿಮ್ಮ ಪತ್ರದಲ್ಲಿ ನಾಲ್ಕು ಸಂಗತಿಗಳಿವೆ. ಊಟಕ್ಕೆ ಮೊದಲಿನ ಬೆವರು-ನಡುಕ, ಊಟವಾದ ಮೇಲಿನ 268, ಸಂಜೆಯ ಪಾದದ ಬಾವು, ಆ ಮೀನಿನ ಬಾಟ್ಲಿ. ಮನೆಯವರೆಲ್ಲ ಇಷ್ಟಕ್ಕೂ ಅಜಿನೊಮೊಟೊ ಒಂದನ್ನೇ ಹೊಣೆ ಮಾಡಿದ್ದಾರೆ. ನಿಜದಲ್ಲಿ ನಾಲ್ಕಕ್ಕೂ ಕಾರಣ ಬೇರೆ ಬೇರೆ, ಅಜಿನೊಮೊಟೊದ ಪಾಲು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೀವು ಹೆಚ್ಚು ಹೆದರಿದ್ದು 268ಕ್ಕೆ. ನನಗೆ ಹೆಚ್ಚು ಚಿಂತೆ ಮೂಡಿಸಿದ್ದು ಊಟ ಬರುವ ಮುಂಚಿನ ಬೆವರು. ಅದನ್ನೇ ಮೊದಲು ಹೇಳುತ್ತೇನೆ.

ಗ್ಲಿಮೆಪಿರೈಡ್ ಅಂದರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುವ ಔಷಧ. ಹೊಟ್ಟೆಯಲ್ಲಿ ಅನ್ನ ಬಿದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನುಂಗಿದ ಮೇಲೆ ತನ್ನ ಕೆಲಸ ಮಾಡಿಯೇ ತೀರುತ್ತದೆ. ನಿಮ್ಮ ಯಜಮಾನರು ಗುಳಿಗೆ ತೆಗೆದುಕೊಂಡದ್ದು ಹನ್ನೆರಡೂವರೆಗೆ, ಮೊದಲ ತುತ್ತು ಎರಡೂಕಾಲಿಗೆ. ನಡುವಿನ ಒಂದೂ ಮುಕ್ಕಾಲು ಗಂಟೆ ಇನ್ಸುಲಿನ್ ಇದೆ, ಆಹಾರ ಇಲ್ಲ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆ ಬಡಿತ, ಕಾರಣವಿಲ್ಲದ ಸಿಟ್ಟು ಕಾಣಿಸುತ್ತವೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಎಚ್ಚರ ತಪ್ಪುತ್ತದೆ. ಆಗ ಮೀಟರ್ ಹಿಡಿದಿರಲಿಲ್ಲ, ಆದ್ದರಿಂದ ಎಷ್ಟಿತ್ತೆಂದು ಹೇಳಲಾಗದು; ಲಕ್ಷಣಗಳು ಮಾತ್ರ ಅದನ್ನೇ ತೋರುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ‘ಎಲ್ಲ ಶುಗರ್ ಗುಳಿಗೆಯೂ ಒಂದೇ’ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹಳ ಇದೆ, ಅದು ತಪ್ಪು.

ಲಿಂಬು ಸೋಡಾ ಕುಡಿಸಿದ್ದು ಸರಿಯಾದ ಕೆಲಸ. ತಪ್ಪೇನಾದರೂ ಇದ್ದರೆ ಪ್ರಮಾಣದಲ್ಲಿ. ರಕ್ತದ ಸಕ್ಕರೆ ಇಳಿದು ‘ಲೋ’ ಆದಾಗ ಬೇಕಾಗುವುದು 15 ಗ್ರಾಂ ಸಕ್ಕರೆ, ಅಂದರೆ ಒಂದು ಲೋಟ ನೀರಿಗೆ ಮೂರು ಚಹಾ ಚಮಚ. 15 ನಿಮಿಷ ಬಿಟ್ಟು ಮೀಟರ್ ನೋಡಬೇಕು. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ಹೋಟೆಲಿನ ದೊಡ್ಡ ಗ್ಲಾಸಿನ ಸಿಹಿ ಸೋಡಾದಲ್ಲಿ 25–30 ಗ್ರಾಂ ಇರುವುದು ಮಾಮೂಲು. ಪೇಡೆ, ಚಾಕೊಲೇಟ್ ಕೊಡುವವರಿದ್ದಾರೆ. ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ, ಆ ಹೊತ್ತಿಗೆ ಅವು ಬೇಡ. ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ ಸದಾ ಇರಲಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಒಯ್ಯಿರಿ.

ಮುಂದಿನ ಸಲ ಗುಳಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಊಟ ಟೇಬಲ್ಲಿಗೆ ಬಂದದ್ದು ಕಣ್ಣಿಗೆ ಕಂಡ ಮೇಲೆ ನುಂಗಲಿ. ಆದರೆ ಇದನ್ನು ನನ್ನ ಮಾತಿನ ಮೇಲಷ್ಟೇ ಬದಲಿಸಬೇಡಿ. ಒಮ್ಮೆ ಲೋ ಆಗಿದೆ ಎಂಬುದನ್ನು ಅವರ ಡಾಕ್ಟರಿಗೆ ಹೇಳಲೇಬೇಕು. ವಯಸ್ಸಾದಂತೆ ಮೂತ್ರಪಿಂಡದ ಶಕ್ತಿ ಇಳಿದರೆ ಈ ಜಾತಿಯ ಗುಳಿಗೆಯ ಪರಿಣಾಮ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ; ಡೋಸು ಇಳಿಸಬೇಕೋ, ಗುಳಿಗೆಯನ್ನೇ ಬದಲಿಸಬೇಕೋ ಎಂಬುದು ಅವರ ತೀರ್ಮಾನ.

ಈಗ 268ಕ್ಕೆ ಬರೋಣ. ‘ಸೂಪು ಹಗುರ, ಎಣ್ಣೆ ಇಲ್ಲ, ಮೈದಾ ಇಲ್ಲ, ಸಕ್ಕರೆ ಬ್ಯಾನಿಯವರಿಗೆ ಇದೇ ಒಳ್ಳೆಯದು’ ಎಂದು ಮಗ ಆರ್ಡರ್ ಮಾಡಿರಬಹುದು. ಎಣ್ಣೆಯ ಮಟ್ಟಿಗೆ ಅದು ನಿಜ. ಕರಿದ ರೋಲುಗಳನ್ನು ಬಿಟ್ಟರೆ ವಿಯೆಟ್ನಾಂ ಊಟದಲ್ಲಿ ಎಣ್ಣೆ ಕಡಿಮೆಯೇ. ಆದರೆ ಫೋ ಬಟ್ಟಲಿನ ನೂಡಲ್ಸ್ ಬಿಳಿ ಅಕ್ಕಿಯ ನುಣ್ಣನೆ ಹಿಟ್ಟಿನದು, ನಾರು ಹೆಸರಿಗಷ್ಟೆ. ಬೆಂದ ಅಕ್ಕಿ ನೂಡಲ್ಸ್ 100 ಗ್ರಾಂಗೆ ಸುಮಾರು 24 ಗ್ರಾಂ ಕಾರ್ಬೋಹೈಡ್ರೇಟ್ ಹಿಡಿದಿರುತ್ತದೆ. ದೊಡ್ಡ ಬಟ್ಟಲಿಗೆ 250 ಗ್ರಾಂ ಬೀಳುತ್ತದೆಂದರೆ 60 ಗ್ರಾಂ. ರೋಲಿನ ಅಕ್ಕಿ ಹಾಳೆ ಮತ್ತು ಒಳಗಿನ ಶಾವಿಗೆ ಸೇರಿ ಒಂದಕ್ಕೆ 12 ಗ್ರಾಂ ಹಿಡಿಯಿರಿ, ಮೂರಕ್ಕೆ 36. ಜೊತೆಗೆ ಕೊಡುವ ಕಂದು ಬಣ್ಣದ ಶೇಂಗಾ-ಹೊಯ್ಸಿನ್ ಸಾಸ್ ಸಿಹಿಯಾದದ್ದು. ಎರಡು ದೊಡ್ಡ ಚಮಚಕ್ಕೆ ಹತ್ತು ಗ್ರಾಂ ದಾಟುತ್ತದೆ. ವಿಯೆಟ್ನಾಂ ಐಸ್ ಕಾಫಿಗೆ ಹಾಕುವುದು ಬರೀ ಹಾಲಲ್ಲ, ಸಿಹಿ ಕಂಡೆನ್ಸ್ಡ್ ಮಿಲ್ಕ್. ಎರಡು ದೊಡ್ಡ ಚಮಚದಲ್ಲಿ 20 ಗ್ರಾಂ ಸಕ್ಕರೆ. ಮೊದಲಿನ ಸೋಡಾ 25. ಕೂಡಿಸಿದರೆ 150 ಗ್ರಾಂ ಆಯಿತು. ಅವರ ವಯಸ್ಸು, ಔಷಧ ಇರುವವರಿಗೆ ಒಂದು ಮಧ್ಯಾಹ್ನದ ಊಟಕ್ಕೆ ನಾನು ಸಾಮಾನ್ಯವಾಗಿ ಕೊಡುವ ಲೆಕ್ಕ 45ರಿಂದ 60 ಗ್ರಾಂ. ಇದರ ಮೇಲೆ ಸಕ್ಕರೆ ಲೋ ಆದಾಗ ದೇಹವೇ ಗಾಬರಿಬಿದ್ದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನೂ ರಕ್ತಕ್ಕೆ ಬಿಟ್ಟಿರುತ್ತದೆ. ಇಷ್ಟೆಲ್ಲ ಸೇರಿ 268. ಯಾವುದೋ ಒಂದು ಪುಡಿಯ ಕೆಲಸ ಅಲ್ಲ ಅದು.

‘ನಮ್ಮ ರೊಟ್ಟಿಯಲ್ಲೂ ಹಿಟ್ಟೇ ಇರುತ್ತದಲ್ಲ’ ಎಂದು ಕೇಳಬಹುದು. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೋಹೈಡ್ರೇಟ್, ಐದು ಗ್ರಾಂ ನಾರು. ಎರಡು ರೊಟ್ಟಿ ತಿಂದರೆ ಅಂಕಿ ಫೋ ಬಟ್ಟಲನ್ನೂ ದಾಟುತ್ತದೆ. ವ್ಯತ್ಯಾಸ ಇರುವುದು ವೇಗದಲ್ಲಿ. ರೊಟ್ಟಿಯನ್ನು ಅಗಿಯಬೇಕು, ಪುಂಡಿಪಲ್ಯ, ತೊಗರಿಬೇಳೆ ಜೊತೆ ತಿನ್ನಬೇಕು, ಅರ್ಧ ಗಂಟೆ ಹಿಡಿಯುತ್ತದೆ. ನೂಡಲ್ಸ್ ಬಿಸಿ ಸೂಪಿನೊಂದಿಗೆ ಹತ್ತು ನಿಮಿಷದಲ್ಲಿ ಜಾರಿ ಹೋಗುತ್ತದೆ, ತಡೆಯಲು ನಾರಿಲ್ಲ, ಬೇಳೆಯಿಲ್ಲ. ವೆಜ್ ಬಟ್ಟಲಿನಲ್ಲಿ ಪ್ರೋಟೀನ್ ಅಂದರೆ ತೇಲುವ ನಾಲ್ಕು ತುಂಡು ತೋಫು (ಸೋಯಾ ಹಾಲಿನ ಪನೀರ್) ಅಷ್ಟೆ.

ಒಂದು ಸಣ್ಣ ವಿಷಯವನ್ನು ಇಲ್ಲೇ ಕೇಳಿಬಿಡುತ್ತೇನೆ: ಕಾರಿನಲ್ಲಿ ಮೀಟರ್ ಹಿಡಿಯುವ ಮೊದಲು ಕೈ ತೊಳೆದಿದ್ದರೇ? ಆ ರೋಲುಗಳನ್ನು ಕೈಯಲ್ಲಿ ಹಿಡಿದೇ ಸಾಸಿಗೆ ಅದ್ದುತ್ತಾರೆ. ಬೆರಳ ತುದಿಯಲ್ಲಿ ಕಾಣದಷ್ಟು ಸಾಸ್ ಅಂಟಿದ್ದರೂ ಅದರ ಸಕ್ಕರೆ ರಕ್ತದ ಹನಿಗೆ ಬೆರೆತು ಮೀಟರ್ ಹೆಚ್ಚು ತೋರಿಸುತ್ತದೆ. ಸ್ಯಾನಿಟೈಸರ್, ಸ್ಪಿರಿಟ್ ಹತ್ತಿ ಇದಕ್ಕೆ ಸಾಲದು. ಸೋಪು-ನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿ ಚುಚ್ಚಬೇಕು. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ. ಆ ಲೆಕ್ಕ ನೀವು ಸರಿಯಾಗಿಯೇ ಹಿಡಿದಿದ್ದೀರಿ.

ಅಜಿನೊಮೊಟೊ ಬಗ್ಗೆ ಚುಟುಕಾಗಿ. ಅದು ಮೋನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಆ ರುಚಿಯ ಮೂಲ ಕಂಡುಹಿಡಿದರು. ಟೊಮೆಟೊ, ಅಣಬೆಗಳಲ್ಲಿ ಗ್ಲುಟಮೇಟ್ ತಾನಾಗಿಯೇ ಇರುತ್ತದೆ. ಈಗ ಅದನ್ನು ಕಬ್ಬು, ಮರಗೆಣಸು, ಮೆಕ್ಕೆಜೋಳದಂಥ ಬೆಳೆಗಳ ಸಕ್ಕರೆ-ಪಿಷ್ಟ ಹುಳಿಸಿ ತಯಾರಿಸುತ್ತಾರೆ. ಮೀನು ಮಾಂಸದ್ದೆಂಬುದು ಸುಳ್ಳು. ಅದರ ಅಪಖ್ಯಾತಿ ಶುರುವಾದದ್ದು 1968ರಲ್ಲಿ, ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ವೈದ್ಯರು ಬರೆದ ಕಾಗದದಿಂದ. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಮರಗಟ್ಟುತ್ತದೆ, ಎದೆ ಬಡಿತ ಏರುತ್ತದೆ ಎಂದು ಅವರು ಬರೆದಿದ್ದರು. ಆಮೇಲೆ ಯಾರಿಗೆ ಏನು ಕೊಟ್ಟಿದೆಯೆಂದು ಯಾರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ಆ ಲಕ್ಷಣಗಳು ಸ್ಥಿರವಾಗಿ ಕಂಡುಬರಲಿಲ್ಲ. ಬರಿ ಹೊಟ್ಟೆಯಲ್ಲಿ ಮೂರು ಗ್ರಾಂಗಿಂತ ಹೆಚ್ಚು ಹೋದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು ಬರಬಹುದು, ಅಷ್ಟೆ. ರಕ್ತದ ಸಕ್ಕರೆಯನ್ನು 268ಕ್ಕೆ ಏರಿಸುವ ಶಕ್ತಿ ಅದಕ್ಕಿಲ್ಲ.

ಪಾದದ ಬಾವಿಗೆ, ನೀರಡಿಕೆಗೆ ನೋಡಬೇಕಾದದ್ದು ಉಪ್ಪು. ಬಟ್ಟಲಿನ ಸಾರು ಅರ್ಧ ಲೀಟರ್ ಇರುತ್ತದೆ. ಹೋಟೆಲ್ ಸಾರಿನಲ್ಲಿ ನೂರು ಮಿಲಿಲೀಟರಿಗೆ ಒಂದು ಗ್ರಾಂ ಹತ್ತಿರ ಉಪ್ಪು. ಹನಿಯೂ ಬಿಡದೆ ಕುಡಿದರೆ ನಾಲ್ಕೈದು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿದ ಮಿತಿಯೇ ಐದು ಗ್ರಾಂ. ಸಾಸುಗಳದ್ದು ಬೇರೆ: ಸೋಯಾ ಸಾಸ್ ಒಂದು ದೊಡ್ಡ ಚಮಚಕ್ಕೆ ಎರಡು ಗ್ರಾಂಗಿಂತ ಹೆಚ್ಚು ಉಪ್ಪು. ‘ವೆಜ್ ಅಂದಮೇಲೆ ಉಪ್ಪು ಕಡಿಮೆ’ ಎಂದೇನಿಲ್ಲ. ಏರಿದ ಸಕ್ಕರೆಯೂ ನೀರಡಿಕೆ ತರುತ್ತದೆ. ತಲೆನೋವಿಗೆ ಸಕ್ಕರೆ ಮೊದಲು ಇಳಿದು ಆಮೇಲೆ ಏರಿದ್ದೇ ಸಾಕು. ಪಾದದ ವಿಷಯದಲ್ಲಿ ಒಂದು ಮಾತು: ಆಮ್ಲೊಡಿಪಿನ್ ಸ್ವತಃ ಕಾಲು ಬಾವು ತರುವ ಔಷಧ, ಕಾಲು ಇಳಿಬಿಟ್ಟು ತಾಸುಗಟ್ಟಲೆ ಕೂತರೆ ಇನ್ನಷ್ಟು. ಮಾರನೆಯ ದಿನ ಇಳಿದಿದ್ದರೆ ಸರಿ. ವಾರಕ್ಕೊಮ್ಮೆಯಾದರೂ ಬಾಯುತ್ತಿದ್ದರೆ ಒಂದು ಊಟದ ಮೇಲೆ ಹಾಕಿ ಸುಮ್ಮನಾಗಬೇಡಿ. ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಎಂಟು ವರ್ಷದ ಸಕ್ಕರೆ ಕಾಯಿಲೆಗೆ ಆ ಎರಡು ಪರೀಕ್ಷೆ ವರ್ಷಕ್ಕೊಮ್ಮೆ ಹೇಗೂ ಆಗಬೇಕು.

ಇನ್ನು ನಿಮ್ಮ ಮನಸ್ಸನ್ನು ಕೊರೆಯುತ್ತಿರುವ ಬಾಟ್ಲಿ. ವಿಯೆಟ್ನಾಂ ಅಡುಗೆಗೆ ಉಪ್ಪಿನ ಜಾಗದಲ್ಲಿ ನಿಂತದ್ದು ಮೀನಿನ ಸಾಸ್. ಸಣ್ಣ ಆಂಚೋವಿ ಮೀನು ಸುಮಾರು ಮೂರು ಪಾಲು, ಉಪ್ಪು ಒಂದು ಪಾಲು ಹಾಕಿ ಪೀಪಾಯಿಯಲ್ಲಿ ವರ್ಷದಷ್ಟು ಹುಳಿಸಿ ಬಸಿದ ನೀರು ಅದು. ಫು ಕ್ವಾಕ್ ದ್ವೀಪ ಅದಕ್ಕೆ ಹೆಸರುವಾಸಿ. ಸಾಂಪ್ರದಾಯಿಕ ಫೋ ಸಾರು ದನದ ಅಥವಾ ಕೋಳಿಯ ಎಲುಬನ್ನು ತಾಸುಗಟ್ಟಲೆ ಕುದಿಸಿದ್ದು, ಕೊನೆಗೆ ಇದೇ ಸಾಸ್ ಬೀಳುತ್ತದೆ. ನಿಮ್ಮ ಬಟ್ಟಲಿಗೂ ಬಿದ್ದಿತ್ತೇ ಎಂದು ಇಲ್ಲಿ ಕೂತು ಯಾರೂ ಹೇಳಲಾರರು. ಬಾಟ್ಲಿ ಕಂಡದ್ದರಿಂದ ತಿಳಿಯುವುದು ಆ ಅಡುಗೆಮನೆಯಲ್ಲಿ ಅದರ ಬಳಕೆ ಇದೆ ಎಂಬುದು ಮಾತ್ರ. ನಮ್ಮ ದೇಶದ ಇಂಥ ಹೋಟೆಲುಗಳು ವೆಜ್ ಫೋಗೆ ತರಕಾರಿ-ಅಣಬೆಯ ಸಾರನ್ನೇ ಪ್ರತ್ಯೇಕ ಕುದಿಸುವುದುಂಟು. ಶಾಕಾಹಾರಿಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ಬೇರೆ ಕಡೆ: ಪಪ್ಪಾಯಿ ಸಲಾಡಿಗೆ ಕಲಸುವ, ಮೀನಿನ ಸಾಸ್ ಬೆರೆತ ಹುಳಿ-ಸಿಹಿ ನೀರು, ತೋಫು ಹುರಿಯುವಾಗ ಹಾಕುವ, ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಬಾನ್ ಮಿ ಬ್ರೆಡ್ಡಿಗೆ ಸವರುವ ಮೊಟ್ಟೆಯ ಮೇಯೊನೀಸ್, ಸಿಗಡಿ ಕರಿದ ಎಣ್ಣೆಯಲ್ಲೇ ಕರಿದ ವೆಜ್ ರೋಲ್. ಮೆನುವಿನ ಹಸಿರು ಚುಕ್ಕಿ ಸಾಮಗ್ರಿಯ ಮಾತು ಹೇಳುತ್ತದೆ. ಸೌಟು, ಬಾಣಲೆ, ಎಣ್ಣೆ ಬೇರೆಯೋ ಎಂಬುದನ್ನು ಹೇಳುವುದಿಲ್ಲ.

ವಿಯೆಟ್ನಾಂನವರಿಗೆ ಶಾಕಾಹಾರ ಗೊತ್ತಿಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಅಲ್ಲಿನ ಬೌದ್ಧರಲ್ಲಿ ಬಹಳ ಮಂದಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ-ಹುಣ್ಣಿಮೆಗೆ, ಮೀನು ಮಾಂಸ ಬಿಡುತ್ತಾರೆ. ಆ ಅಡುಗೆಗೆಂದೇ ಸೋಯಾದಿಂದ ಮಾಡಿದ ಮೀನಿಲ್ಲದ ಸಾಸ್ ಇದೆ. ಮೆನುವಿನಲ್ಲಿ ತಿನಿಸಿನ ಹೆಸರಿನ ಜೊತೆ ‘ಚಾಯ್’ ಎಂದು ಬರೆದಿದ್ದರೆ ಅದು ಈ ಶಾಕಾಹಾರಿ ಬಗೆ. ಮೊಟ್ಟೆ ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ.

ಕೇಳುವುದಕ್ಕೂ ಹೊತ್ತಿದೆ. ಭಾನುವಾರ ಒಂದೂವರೆಗೆ ತಟ್ಟೆ ಹೊತ್ತು ಓಡುವ ಹುಡುಗನನ್ನು ಕೇಳಿದರೆ ‘ವೆಜ್ ಇದೆ ಆಂಟಿ’ ಅಂತಲೇ ಹೇಳುತ್ತಾನೆ. ಹಿಂದಿನ ದಿನ, ಬೆಳಿಗ್ಗೆ ಹನ್ನೊಂದರ ಒಳಗೆ ಅಥವಾ ಮಧ್ಯಾಹ್ನ ನಾಲ್ಕರ ಮೇಲೆ, ಮಗ ಫೋನ್ ಮಾಡಿ ಅಡುಗೆಮನೆಯ ಮುಖ್ಯಸ್ಥರನ್ನೇ ಕೇಳಲಿ. ‘ವೆಜ್ ಫೋ ಸಾರು ಬೇರೆ ಪಾತ್ರೆಯಲ್ಲಿ ಮೊದಲಿಂದ ತರಕಾರಿಯದೇ ಕುದಿಯುತ್ತದೆಯೋ, ಇಲ್ಲ ಕೋಳಿ ಸಾರಿಗೇ ತರಕಾರಿ ಹಾಕುತ್ತೀರೋ?’ ಎಂದು ಬಿಡಿಸಿ ಕೇಳಬೇಕು. ‘ಡಿಪ್ ಮತ್ತು ಸಲಾಡಿನಲ್ಲಿ ಮೀನಿನ ಸಾಸ್, ಆಯ್ಸ್ಟರ್ ಸಾಸ್ ಬಿಟ್ಟು ಮಾಡಿಕೊಡುತ್ತೀರಾ? ನೂಡಲ್ಸ್ ಅದ್ದುವ ಕುದಿನೀರು, ಜಾಲರಿ ಬೇರೆಯೇ?’ ಮೊದಲ ಎರಡಕ್ಕೆ ನೇರ ಉತ್ತರ ಬಂದರೆ ಅಡುಗೆಮನೆ ಗೊತ್ತಿದ್ದವರು ಮಾತಾಡುತ್ತಿದ್ದಾರೆ ಅಂತ. ಮೂರನೆಯದಕ್ಕೆ ‘ಬೇರೆ’ ಎನ್ನುವ ಮಿಶ್ರ ಹೋಟೆಲುಗಳು ಕಡಿಮೆ. ಅದು ನಿಮಗೆ ಒಪ್ಪಿತವೋ ಇಲ್ಲವೋ ನಿಮ್ಮ ಮನೆತನದ ನಡಾವಳಿಗೆ ಬಿಟ್ಟದ್ದು. ಪಥ್ಯ ಹೇಳುವವರು ಅದರಲ್ಲಿ ಬಾಯಿ ಹಾಕಬಾರದು. ಒಪ್ಪಿತವಿಲ್ಲದಿದ್ದರೆ ಮುಲಾಜಿಲ್ಲದೆ ಬೇಡ ಅನ್ನಿ. ಮಗನೂ ಸೊಸೆಯೂ ಅರ್ಥ ಮಾಡಿಕೊಳ್ಳುತ್ತಾರೆ.

ಹೋಗುವುದೇ ಆದರೆ ಟೇಬಲ್ ಮೊದಲೇ ಕಾದಿರಿಸಿ, ಹನ್ನೆರಡೂವರೆಗೇ ಕೂರುವಂತೆ ಹೋಗಿ. ಯಜಮಾನರ ಬಟ್ಟಲಿಗೆ ‘ನೂಡಲ್ಸ್ ಅರ್ಧ, ತೋಫು ಮತ್ತು ತರಕಾರಿ ಎರಡರಷ್ಟು’ ಎಂದು ಹೇಳಿ. ಹೆಚ್ಚಿನ ಹೋಟೆಲುಗಳು ಮಾಡಿಕೊಡುತ್ತವೆ. ರೋಲ್ ಒಂದು ಸಾಕು. ಮೊದಲು ಸೊಪ್ಪು, ತೋಫು, ಅಣಬೆ ತಿಂದು ನೂಡಲ್ಸ್ ಕೊನೆಗೆ ತಿನ್ನಲಿ. ಹೀಗೆ ಕ್ರಮ ಬದಲಿಸಿದರೇ ಊಟದ ನಂತರದ ಏರಿಕೆ ತಗ್ಗುತ್ತದೆ. ಸಾರು ಅರ್ಧ ಬಿಡಲಿ, ಬಿಟ್ಟಷ್ಟೂ ಉಪ್ಪು ಉಳಿಯಿತು. ಕಾಫಿ ಕುಡಿಯಲೇಬೇಕೆಂದರೆ ಕಂಡೆನ್ಸ್ಡ್ ಮಿಲ್ಕ್ ಇಲ್ಲದ ಕಪ್ಪು ಕಾಫಿ. ಗಾಜಿನಂಥ ಹೆಸರುಕಾಳಿನ ಶಾವಿಗೆ ಕೇಳಿ ಎಂದು ಯಾರಾದರೂ ಹೇಳಬಹುದು. ಅದು ಅಕ್ಕಿಗಿಂತ ಸ್ವಲ್ಪ ನಿಧಾನ, ಆದರೂ ಅದು ಕಾಳಲ್ಲ, ಕಾಳಿನ ಬರೀ ಪಿಷ್ಟ. ಅದಕ್ಕೂ ಅರ್ಧದ ಲೆಕ್ಕವೇ. ಎದ್ದ ಮೇಲೆ ಕಾರು ಹತ್ತುವ ಮೊದಲು ಹದಿನೈದು ನಿಮಿಷ ಅಡ್ಡಾಡಿ.

ಸೊಸೆಗೆ ಈ ಊಟ ಬೇಡವೆನ್ನುವ ಕಾರಣವಿಲ್ಲ. ನೋಡಬೇಕಾದದ್ದು ಫೋ ಮತ್ತು ರೋಲಿನ ಜೊತೆ ಬರುವ ಹಸಿ ಸೊಪ್ಪು, ಹಸಿ ಮೊಳಕೆಕಾಳು. ರೊಟ್ಟಿ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಹಕ್ಕರಕಿ ತಿನ್ನುವ ನಮ್ಮ ಭಾಗದವರಿಗೆ ಹಸಿ ಸೊಪ್ಪು ಹೊಸದಲ್ಲ, ಆದರೆ ಅದನ್ನು ನಾವು ಮನೆಯಲ್ಲಿ ನಾಲ್ಕು ನೀರು ತೊಳೆದಿರುತ್ತೇವೆ. ಬಸುರಿಯರು ಹೋಟೆಲಿನ ಹಸಿ ಮೊಳಕೆಕಾಳು ತಿನ್ನಬಾರದು. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲೇ ಸಾಲ್ಮೊನೆಲ್ಲಾ, ಇ. ಕೋಲೈಯಂಥ ರೋಗಾಣುಗಳು ಬೆಳೆಯುತ್ತವೆ, ಮೇಲಿಂದ ತೊಳೆದರೆ ಹೋಗುವುದಿಲ್ಲ. ಮೊಳಕೆಯನ್ನು ಅಡುಗೆಮನೆಯಲ್ಲೇ ಕುದಿಸಿ ಕೊಡಲು ಹೇಳಿ, ಹಸಿ ಸೊಪ್ಪಿನ ರೋಲಿನ ಬದಲು ಬೇಯಿಸಿದ್ದು ತಿನ್ನಲಿ. ವಿಯೆಟ್ನಾಂ ಕಾಫಿ ಹೆಚ್ಚಾಗಿ ರೊಬಸ್ಟಾ ಬೀಜದ್ದು, ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಗರ್ಭಿಣಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿ ಎಂದರೆ ಒಂದು ಗಟ್ಟಿ ಲೋಟದಲ್ಲೇ ಬಹುಪಾಲು ಮುಗಿಯಬಹುದು. ಆವತ್ತು ಬಿಟ್ಟರೆ ಚಿಂತೆಯೇ ಇಲ್ಲ.

ಹೋಟೆಲಿನ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಬೀಗರಿಗೆ ಮನೆಯಲ್ಲೇ ಮಾಡಿ ಬಡಿಸಬಹುದು. ನಾಲ್ಕು ಮಂದಿಗೆ: ಎರಡು ಉಳ್ಳಾಗಡ್ಡಿ ಅರ್ಧ ಮಾಡಿ, ಎರಡಿಂಚು ಹಸಿಶುಂಠಿಯ ಜೊತೆ ನೇರ ಉರಿಯ ಮೇಲೆ ಮೇಲ್ಮೈ ಕಪ್ಪಾಗುವವರೆಗೆ ಸುಡಿ. ಬಣ್ಣವೂ ಸಿಹಿಯೂ ಇದರಿಂದಲೇ ಬರುವುದು, ಬಿಡಬೇಡಿ. ಮೂರು ಚಕ್ರಮೊಗ್ಗು, ಎರಡಿಂಚು ದಾಲ್ಚಿನ್ನಿ, ನಾಲ್ಕು ಲವಂಗ, ಒಂದು ಕಪ್ಪು ಏಲಕ್ಕಿ, ಒಂದು ಚಮಚ ಕೊತ್ತಂಬರಿ ಬೀಜ ಬೆಚ್ಚಗೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ. ಎರಡು ಲೀಟರ್ ನೀರಿಗೆ ಇವೆಲ್ಲ, ಒಂದು ಮೂಲಂಗಿ, ಎರಡು ಗಜ್ಜರಿ, ಕಾಲು ಎಲೆಕೋಸು, 200 ಗ್ರಾಂ ಅಣಬೆ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ. ಮಸಾಲೆ ಗಂಟನ್ನು ಅರ್ಧ ಗಂಟೆಗೆ ತೆಗೆದುಬಿಡಿ, ಇಲ್ಲದಿದ್ದರೆ ಚಕ್ರಮೊಗ್ಗು ಕಹಿ ಬಿಟ್ಟು ಕಷಾಯದ ವಾಸನೆ ಬರುತ್ತದೆ. ಸೋಸಿ, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಒಂದು ಚಹಾ ಚಮಚ ಉಪ್ಪು. ತಲೆಗೆ ಎರಡು ಗ್ರಾಂ ಚಿಲ್ಲರೆ ಉಪ್ಪಾಯಿತು, ಹೋಟೆಲಿನದರ ಅರ್ಧ.

ನೂಡಲ್ಸ್ ಕೆಡುವುದು ಕುದಿಸುವುದರಿಂದ. ಒಣ ಚಪ್ಪಟೆ ಅಕ್ಕಿ ನೂಡಲ್ಸ್ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಬಡಿಸುವ ಹೊತ್ತಿಗೆ ಜಾಲರಿಯಲ್ಲಿ ಹಿಡಿದು ಕುದಿನೀರಿಗೆ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಹೆಚ್ಚು ಬಿಟ್ಟರೆ ಅಂಬಲಿಯಾಗುತ್ತದೆ. ಪೇಟೆಯಲ್ಲಿ ಸಿಗದಿದ್ದರೆ ಅಕ್ಕಿ ಶಾವಿಗೆ ನಡೆಯುತ್ತದೆ. ಪ್ಯಾಕೆಟ್ ಓದಿ ತನ್ನಿ, ಗೋಧಿ ಶಾವಿಗೆ ಸಾರಿನಲ್ಲಿ ಕದಡಿಹೋಗುತ್ತದೆ. ಬೀಗರಿಗೆ ತಲೆಗೆ 60 ಗ್ರಾಂ ಒಣ ನೂಡಲ್ಸ್, ನಿಮ್ಮ ಯಜಮಾನರಿಗೆ ತೂಗಿ 40 ಗ್ರಾಂ, ಮೇಲೆ 100 ಗ್ರಾಂ ತೋಫು ಅಥವಾ ಪನೀರ್, ಕುದಿಸಿದ ಹೆಸರುಕಾಳಿನ ಮೊಳಕೆ, ಪುದೀನ, ಕೊತ್ತಂಬರಿ, ಸಿಕ್ಕರೆ ಕಾಮಕಸ್ತೂರಿ ಎಲೆ, ಹಸಿಮೆಣಸಿನಕಾಯಿ, ಅರ್ಧ ಲಿಂಬು. ಸಾರು ಕುದಿಯುತ್ತಿರುವಾಗಲೇ ಮೇಲೆ ಸುರಿಯಬೇಕು. ಬಟ್ಟಲು ಅವರ ಮುಂದೆ ಬಂದ ಮೇಲೆ ಗುಳಿಗೆ ಕೊಡಿ.